ಹದಿನಾಲ್ಕು ಮಂದಿಯ ಪರೀಕ್ಷೆ: ವಂಶಾವಳಿಗೆ ಉಚಿತ ಸಾಫ್ಟ್‌ವೇರ್ ಆರಿಸಿದ ಬಗೆ

ವಂಶಾವಳಿ ಬರೆಯಲು ಯಾವ ಉಚಿತ ಸಾಫ್ಟ್‌ವೇರ್ ಒಳ್ಳೇದು ಅಂತ ಹುಡುಕಿದರೆ ಪಟ್ಟಿಗಳೇನೋ ಬೇಕಾದಷ್ಟು ಸಿಗುತ್ತವೆ. ನಮ್ಮ ಕಡೆಯ ಮನೆತನಗಳಿಗೆ ಬೇಕಾದ ಪ್ರಶ್ನೆಗಳು ಮಾತ್ರ ಅವುಗಳಲ್ಲಿ ಇರುವುದಿಲ್ಲ. ಅಕ್ಕನ ಮಗಳನ್ನು ಮದುವೆಯಾದ ಸೋದರಮಾವನನ್ನು ಎಲ್ಲಿ ಕೂಡಿಸಬೇಕು? 1340 ಫಸಲಿ (ನಿಜಾಮರ ಕಾಲದ ಕಂದಾಯದ ವರ್ಷ) ಎಂದು ಬರೆದ ಕಾಗದದ ತಾರೀಖು ಯಾವ ಖಾನೆಗೆ ಹೋಗಬೇಕು? ಹುಟ್ಟಿದಾಗ ಗುಲಬರ್ಗಾ ಜಿಲ್ಲೆಯಲ್ಲಿದ್ದು ಈಗ ಯಾದಗಿರಿ ಜಿಲ್ಲೆಗೆ ಸೇರಿದ ಊರನ್ನು ಹೇಗೆ ಬರೆಯಬೇಕು? ಅದಕ್ಕೇ ಪಟ್ಟಿಗಳನ್ನು ಬದಿಗಿಟ್ಟು, ಈ ಗಂಟುಗಳೆಲ್ಲ ಇರುವ ಒಂದು ಚಿಕ್ಕ ಮನೆತನವನ್ನು ಕಾಗದದ ಮೇಲೆ ಕಟ್ಟಿದೆವು. ಅದನ್ನೇ ಒಂದೊಂದು ಸಾಫ್ಟ್‌ವೇರಿಗೂ ತುಂಬಿ ನೋಡಿದೆವು. ಕಲಬುರಗಿ, ಬೀದರ, ಯಾದಗಿರಿಯ ಯಾವ ಮನೆಯವರಿಗಾದರೂ ಈ ದಾರಿ ಒಗ್ಗುತ್ತದೆ.

ಆ ಮನೆತನದಲ್ಲಿ ಇರುವವರು 14 ಮಂದಿ. ಹೆಸರುಗಳು ಉದಾಹರಣೆಗಷ್ಟೇ. ಶಹಾಪುರ ತಾಲ್ಲೂಕಿನ ದೋರನಹಳ್ಳಿಯ ಮಲ್ಲಪ್ಪ, ಅವನ ಹೆಂಡತಿ ಗುರಮ್ಮ. ಅವರಿಗೆ ಮೂವರು ಮಕ್ಕಳು: ಬಸಮ್ಮ, ಶರಣಪ್ಪ, ನಾಗಪ್ಪ. ಬಸಮ್ಮನ ಮಗಳು ಮಹಾದೇವಿಯನ್ನು ಕಿರಿಯ ತಮ್ಮ ನಾಗಪ್ಪನಿಗೇ ಕೊಟ್ಟಿದ್ದಾರೆ. ಶರಣಪ್ಪನ ಮೊದಲ ಹೆಂಡತಿ ತೀರಿಕೊಂಡಳು, ಅವಳ ತಂಗಿಯನ್ನೇ ಎರಡನೆಯದಾಗಿ ಮಾಡಿಕೊಂಡ. ಅವನಿಗೆ ಮಕ್ಕಳಾಗಲಿಲ್ಲ. ನಾಗಪ್ಪನ ಮೂವರು ಮಕ್ಕಳಲ್ಲಿ ಒಬ್ಬನನ್ನು ದತ್ತಕ ತೆಗೆದುಕೊಂಡ. ಆ ಹುಡುಗನಿಗೆ ಮುತ್ಯಾನ ಹೆಸರು, ಅವನೂ ಮಲ್ಲಪ್ಪನೇ. ಬಸಮ್ಮನ ಗಂಡ, ಶರಣಪ್ಪನ ಅತ್ತೆ-ಮಾವ ಸೇರಿ 14. ಸೋದರಮಾವನ ಮದುವೆ, ಎರಡು ಮದುವೆ, ದತ್ತಕ, ಒಂದೇ ಹೆಸರಿನ ಇಬ್ಬರು, ಇಷ್ಟೂ ಈ ಪುಟ್ಟ ಕುಟುಂಬದಲ್ಲಿ ಬಂದುಹೋದವು. ನಿಮ್ಮ ಮನೆಯಲ್ಲಿ ಇದಕ್ಕಿಂತ ಬಿಗಿಯಾದ ಗಂಟಿದ್ದರೆ ಅದನ್ನೂ ಸೇರಿಸಿಕೊಳ್ಳಿ. ಬರೀ ಗಂಡ, ಹೆಂಡತಿ, ಇಬ್ಬರು ಮಕ್ಕಳ ಕುಟುಂಬ ಹಾಕಿ ನೋಡಿದರೆ ಎಲ್ಲ ಸಾಫ್ಟ್‌ವೇರೂ ಚೆನ್ನಾಗಿಯೇ ಕಾಣುತ್ತವೆ.

ಪರೀಕ್ಷೆಗೆ ಮೊದಲೇ ಕೆಲವನ್ನು ಕೈಬಿಟ್ಟೆವು. ಇಷ್ಟು ಜನರವರೆಗೆ ಮಾತ್ರ ಉಚಿತ, ಆಮೇಲೆ ದುಡ್ಡು ಎನ್ನುವವು ಬೇಡವೆಂದೆವು. ನಮ್ಮ ಕಡೆ ಒಂದು ಮನೆತನವನ್ನು ಬೀಗರು ಸಮೇತ ಬರೆಯಲು ಕೂತರೆ ಮುನ್ನೂರು ಹೆಸರು ದಾಟುವುದು ದೊಡ್ಡ ಮಾತಲ್ಲ. ನೆಟ್ ಇಲ್ಲದಾಗ ತೆರೆಯದವನ್ನೂ ಮುಖ್ಯ ಕಡತಕ್ಕೆ ಆರಿಸಲಿಲ್ಲ. ಹಿರಿಯರ ಮುಂದೆ ಕೂತು ಬರೆದುಕೊಳ್ಳುವುದು ಹಳ್ಳಿಯಲ್ಲಿ, ಅಲ್ಲಿ ಸಿಗ್ನಲ್ ಯಾವಾಗ ಹೋಗುತ್ತದೋ ಹೇಳಲಾಗದು. ಇನ್ನೊಂದು, ಹಾಕಿದ ಮಾಹಿತಿಯನ್ನು ಪೂರ್ತಿಯಾಗಿ ಹೊರಗೆ ತೆಗೆಯಲು ಬರಬೇಕು. ಇದಕ್ಕೆ ಗೆಡ್‌ಕಾಮ್ ಎಂಬ ಫೈಲ್ ಮಾದರಿ ಇದೆ. ವಂಶಾವಳಿಯ ಸಾಫ್ಟ್‌ವೇರ್‌ಗಳು ಒಂದಕ್ಕೊಂದು ಮಾಹಿತಿ ದಾಟಿಸುವುದು ಇದರಲ್ಲೇ. 5.5.1 ಆವೃತ್ತಿ ಎಲ್ಲೆಡೆ ನಡೆಯುತ್ತದೆ, 2021ರಲ್ಲಿ 7.0 ಬಂದಿದೆ. ಗೆಡ್‌ಕಾಮ್ ಕೊಡದ ಸಾಫ್ಟ್‌ವೇರ್ ಎಷ್ಟೇ ಚೆಂದ ಇದ್ದರೂ ಅದಕ್ಕೆ ಒಂದು ಹೆಸರೂ ತುಂಬಬೇಡಿ.

ಕೊನೆಗೆ ಕೂತು ನೋಡಿದ್ದು ನಾಲ್ಕನ್ನು: ಫ್ಯಾಮಿಲಿ ಎಕೊ, ಗ್ರ್ಯಾಂಪ್ಸ್, ಆನ್ಸೆಸ್ಟ್ರಿಸ್, ವೆಬ್‌ಟ್ರೀಸ್.

ಫ್ಯಾಮಿಲಿ ಎಕೊ ಬ್ರೌಸರ್‌ನಲ್ಲೇ ನಡೆಯುತ್ತದೆ, ಇನ್‌ಸ್ಟಾಲ್ ಮಾಡುವ ಗೋಜಿಲ್ಲ. ಅರ್ಧ ತಾಸಿನೊಳಗೆ ಹದಿನಾಲ್ಕೂ ಮಂದಿ ಪರದೆಯ ಮೇಲಿದ್ದರು, ಕನ್ನಡ ಅಕ್ಷರವೂ ಸರಿಯಾಗಿ ಬಂತು, ಗೆಡ್‌ಕಾಮ್ ಇಳಿಸಿಕೊಳ್ಳಲೂ ಬಂತು. ಮೂರು ತಲೆಮಾರು ಬರೆದು ಮನೆಮಂದಿಗೆ ತೋರಿಸಿದರೆ ಸಾಕು ಎನ್ನುವವರು ಇಲ್ಲಿಗೇ ನಿಲ್ಲಬಹುದು. ಆದರೆ ಯಾವ ಮಾತು ಯಾವ ಕಾಗದದಿಂದ ಬಂತು, ಯಾರು ಹೇಳಿದರು ಎಂಬುದನ್ನು ಟಿಪ್ಪಣಿಯಲ್ಲಿ ತುರುಕಬೇಕು. ಊರುಗಳ ಇತಿಹಾಸಕ್ಕೆ ಅಲ್ಲಿ ಜಾಗವಿಲ್ಲ. ನೆಟ್ ಅಂತೂ ಬೇಕೇ ಬೇಕು.

ವೆಬ್‌ಟ್ರೀಸ್ ಇದಕ್ಕೆ ತದ್ವಿರುದ್ಧ. ಬೇರೆ ಬೇರೆ ಊರಿನ ಅಣ್ಣತಮ್ಮಂದಿರು ಒಟ್ಟಿಗೆ ಕೂತು ತುಂಬಲು ಅದರಷ್ಟು ಅನುಕೂಲದ್ದು ಇನ್ನೊಂದಿಲ್ಲ. ಅದು ಪಿಎಚ್‌ಪಿ ಮತ್ತು ಡೇಟಾಬೇಸ್ ಇರುವ ಸರ್ವರ್ ಕೇಳುತ್ತದೆ. ಸರ್ವರ್ ಬಾಡಿಗೆ, ಅಪ್‌ಡೇಟ್, ಭದ್ರತೆ ಯಾರ ಹೆಗಲಿಗೆ ಎಂಬುದು ತೀರ್ಮಾನವಾಗದೆ ಆ ಕಡೆ ಹೋಗಬಾರದು. ಆನ್ಸೆಸ್ಟ್ರಿಸ್ ಜಾವಾದಲ್ಲಿ ಬರೆದದ್ದು, ಗೆಡ್‌ಕಾಮ್ ಫೈಲನ್ನೇ ತನ್ನ ಮೂಲ ಕಡತವಾಗಿ ಇಟ್ಟುಕೊಳ್ಳುತ್ತದೆ. ಅದು ದೊಡ್ಡ ಗುಣ: ಸಾಫ್ಟ್‌ವೇರ್ ನಾಳೆ ನಿಂತುಹೋದರೂ ನೋಟ್‌ಪ್ಯಾಡ್‌ನಲ್ಲಿ ಫೈಲ್ ತೆರೆದು ಓದಬಹುದು. ಗೆಡ್‌ಕಾಮ್‌ನ ಒಳರಚನೆ ಗೊತ್ತಿರುವವರಿಗೆ ಅದು ಸಲೀಸು. ಹೊಸಬರನ್ನು ಕೂಡಿಸಿದಾಗ ಎಲ್ಲಿ ಒತ್ತಬೇಕೆಂದು ತಿಳಿಯದೆ ತಡವರಿಸಿದರು.

ಫ್ಯಾಮಿಲಿಸರ್ಚ್ ಎಂಬ ಜಾಲತಾಣದ ಹೆಸರನ್ನೂ ಬಹಳ ಮಂದಿ ಹೇಳುತ್ತಾರೆ. ಅದು ಉಚಿತ, ಆದರೆ ಅಲ್ಲಿರುವುದು ಇಡೀ ಜಗತ್ತಿಗೆ ಒಂದೇ ಮರ. ತೀರಿಕೊಂಡವರ ವಿವರವನ್ನು ಖಾತೆ ಇರುವ ಯಾರು ಬೇಕಾದರೂ ತಿದ್ದಬಹುದು. ದಾಖಲೆ ಹುಡುಕಲು ಅಲ್ಲಿಗೆ ಹೋಗಿ, ನಿಮ್ಮ ಮೂಲ ಪ್ರತಿ ಮಾತ್ರ ನಿಮ್ಮ ಕಂಪ್ಯೂಟರಿನಲ್ಲೇ ಇರಲಿ.

ಉಳಿದದ್ದು ಗ್ರ್ಯಾಂಪ್ಸ್. ವಿಂಡೋಸ್, ಲಿನಕ್ಸ್, ಮ್ಯಾಕ್ ಮೂರರಲ್ಲೂ ನಡೆಯುತ್ತದೆ, ಮುಕ್ತ ತಂತ್ರಾಂಶ, ಜನರ ಸಂಖ್ಯೆಗೆ ಮಿತಿ ಇಲ್ಲ, ನೆಟ್ ಬೇಡ. ಮೊದಲ ನೋಟಕ್ಕೆ ಇದನ್ನು ಸರಳ ಎನ್ನಲು ಮನಸ್ಸು ಬರುವುದಿಲ್ಲ, ಎಡಗಡೆಯ ಪಟ್ಟಿಯಲ್ಲೇ ಹತ್ತಕ್ಕಿಂತ ಹೆಚ್ಚು ವಿಭಾಗಗಳಿವೆ. ನಾವು ಅವುಗಳಲ್ಲಿ ನಾಲ್ಕನ್ನೇ ಬಳಸಿದೆವು: ಪೀಪಲ್, ರಿಲೇಶನ್‌ಶಿಪ್ಸ್, ಪ್ಲೇಸಸ್, ಸೋರ್ಸಸ್. ಹೊಸಬರಿಗೂ ಈ ನಾಲ್ಕನ್ನೇ ತೋರಿಸಿದರೆ ಸಾಕು. ಮೆನುಗಳನ್ನು ಇಂಗ್ಲಿಷಿನಲ್ಲೇ ಇಟ್ಟುಕೊಂಡು ಹೆಸರು, ಊರು, ಟಿಪ್ಪಣಿಗಳನ್ನು ಕನ್ನಡದಲ್ಲಿ ತುಂಬಿದೆವು. ವಿಂಡೋಸ್‌ಗೆ ಎಲ್ಲ ಒಳಗೊಂಡ ಒಂದೇ ಇನ್‌ಸ್ಟಾಲರ್ ಇದೆ. ಲಿನಕ್ಸ್‌ನಲ್ಲಿ ಗ್ರಾಫ್‌ವಿಜ್ ಎಂಬ ಪ್ಯಾಕೇಜನ್ನೂ ಹಾಕಿಕೊಂಡಿರಬೇಕು. ಅದಿಲ್ಲದಿದ್ದರೆ ಮುಂದೆ ಹೇಳುವ ನಕ್ಷೆ ಬರುವುದಿಲ್ಲ.

ಮೊದಲು ಎದುರಾದ ಸಮಸ್ಯೆ ಹೆಸರಿನದು. ನಮ್ಮ ಭಾಗದ ಕಾಗದಪತ್ರಗಳಲ್ಲಿ ಹೆಸರು ಬರುವುದು ‘ಶರಣಪ್ಪ ತಂದೆ ಮಲ್ಲಪ್ಪ ಬಿರಾದಾರ’, ‘ಗುರಮ್ಮ ಗಂಡ ಮಲ್ಲಪ್ಪ’ ಎಂದು. ಹೆಸರು, ಅಡ್ಡಹೆಸರು ಎಂಬ ಎರಡೇ ಖಾನೆಗಳಿರುವ ಕಡೆ ಇದು ಕೂಡುವುದಿಲ್ಲ. ಎಲ್ಲವನ್ನೂ ಮೊದಲ ಖಾನೆಗೆ ಸುರಿದರೆ ಮುಂದೆ ಹುಡುಕುವುದು ಕಷ್ಟ. ಗ್ರ್ಯಾಂಪ್ಸ್‌ನಲ್ಲಿ ಒಬ್ಬರಿಗೆ ಒಂದಕ್ಕಿಂತ ಹೆಚ್ಚು ಅಡ್ಡಹೆಸರು ಕೊಡಬಹುದು, ಪ್ರತಿಯೊಂದಕ್ಕೂ ಮುಂದೆ ಸೇರುವ ಪದಕ್ಕೆ ಬೇರೆ ಖಾನೆ ಇದೆ. ಆ ಖಾನೆಯಲ್ಲಿ ‘ತಂದೆ’ ಎಂದು, ಅಡ್ಡಹೆಸರಿನ ಜಾಗದಲ್ಲಿ ‘ಮಲ್ಲಪ್ಪ’ ಎಂದು ಹಾಕಿ, ಮೂಲದಲ್ಲಿ ‘ಪ್ಯಾಟ್ರೊನಿಮಿಕ್’ (ತಂದೆಯ ಹೆಸರಿನಿಂದ ಬಂದದ್ದು) ಆರಿಸಿದೆವು. ಎರಡನೇ ಸಾಲಿನಲ್ಲಿ ‘ಬಿರಾದಾರ’, ಮೂಲ ‘ಇನ್ಹೆರಿಟೆಡ್’ (ಮನೆತನದಿಂದ ಬಂದದ್ದು), ಅದನ್ನೇ ಪ್ರಧಾನವೆಂದು ಗುರುತು ಹಾಕಿದೆವು. ಪ್ರಿಫರೆನ್ಸಸ್‌ನಲ್ಲಿ ಹೆಸರು ತೋರಿಸುವ ಕ್ರಮವನ್ನು ‘ಹೆಸರು ಮೊದಲು, ಅಡ್ಡಹೆಸರು ಆಮೇಲೆ’ ಎಂದು ಬದಲಿಸಿದ ಮೇಲೆ ಕಾಗದದಲ್ಲಿ ಇದ್ದ ಹಾಗೆಯೇ ‘ಶರಣಪ್ಪ ತಂದೆ ಮಲ್ಲಪ್ಪ ಬಿರಾದಾರ’ ಎಂದು ಬಂತು.

ಹೆಣ್ಣುಮಕ್ಕಳಿಗೆ ತವರಿನ ಹೆಸರನ್ನೇ ಮುಖ್ಯ ಹೆಸರಾಗಿ ಇಡಿ. ಮದುವೆಯಲ್ಲಿ ಹೆಸರು ಬದಲಿಸಿದ್ದರೆ ಅದು ‘ಮ್ಯಾರೀಡ್ ನೇಮ್’ ಎಂದು ಪರ್ಯಾಯ ಹೆಸರಾಗಿ ಹೋಗಲಿ. ಗಂಡನ ಮನೆಯ ಅಡ್ಡಹೆಸರನ್ನೇ ಮುಖ್ಯವಾಗಿ ಹಾಕಿದರೆ ಎರಡು ತಲೆಮಾರು ಹಿಂದಿನ ಆಯಿ ಯಾವ ಮನೆಯವಳು ಎಂಬುದೇ ಅಳಿಸಿಹೋಗುತ್ತದೆ. ಹಳೇ ಪಟ್ಟಿಗಳಲ್ಲಿ ಆಗಿರುವುದು ಇದೇ. ಎಷ್ಟೋ ಮನೆಗಳ ಪಟ್ಟಿಯಲ್ಲಿ ಗಂಡಸರ ಹೆಸರು ಏಳು ತಲೆಮಾರಿನವರೆಗೆ ಸಿಗುತ್ತದೆ, ಅವರನ್ನು ಹೆತ್ತವರ ಹೆಸರು ಒಂದೂ ಸಿಗುವುದಿಲ್ಲ. ಆಧಾರ್ ಕಾರ್ಡಿನ ಇಂಗ್ಲಿಷ್ ಅಕ್ಷರದ ಹೆಸರನ್ನೂ ಇನ್ನೊಂದು ಪರ್ಯಾಯ ಹೆಸರಾಗಿ ಸೇರಿಸಿದರೆ ಹುಡುಕಲು ಅನುಕೂಲ. ಆಧಾರ್ ಸಂಖ್ಯೆ ಮಾತ್ರ ಎಲ್ಲೂ ಬರೆಯಬೇಡಿ.

ಇಬ್ಬರು ಮಲ್ಲಪ್ಪಂದಿರನ್ನು ಬೇರ್ಪಡಿಸಿದ್ದು ಗುರುತಿನ ಸಂಖ್ಯೆ. ಗ್ರ್ಯಾಂಪ್ಸ್ ತಾನಾಗಿಯೇ ಪ್ರತಿ ವ್ಯಕ್ತಿಗೂ ‘ಐ’ ಅಕ್ಷರದಿಂದ ಶುರುವಾಗುವ ನಾಲ್ಕಂಕಿಯ ಸಂಖ್ಯೆ ಕೊಡುತ್ತದೆ, ಕುಟುಂಬಕ್ಕೆ ‘ಎಫ್’. ಕೈಬರಹದ ಪಟ್ಟಿಯಲ್ಲೂ ಹೆಸರಿನ ಮುಂದೆ ಆ ಸಂಖ್ಯೆಯನ್ನೇ ಬರೆದುಕೊಂಡರೆ ಮುತ್ಯಾನಿಗೂ ಮೊಮ್ಮಗನಿಗೂ ಅದಲುಬದಲಾಗುವುದಿಲ್ಲ. ಶರಣಬಸಪ್ಪ, ಶರಣಪ್ಪ ಎಂಬ ಹೆಸರು ಮನೆಗೊಂದು ಇರುವ ಕಲಬುರಗಿಯಲ್ಲಿ ಇದನ್ನು ಮೊದಲ ದಿನದಿಂದಲೇ ಮಾಡಬೇಕು.

ಸಂಬಂಧ ಜೋಡಿಸುವಾಗ ಹೊಸಬರೆಲ್ಲ ಮಾಡುವ ತಪ್ಪು ಒಂದೇ. ಬಸಮ್ಮನನ್ನು ಹಾಕಿ, ಅವಳಿಗೆ ತಂದೆತಾಯಿ ಸೇರಿಸುತ್ತಾರೆ. ಆಮೇಲೆ ಶರಣಪ್ಪನನ್ನು ಹಾಕಿ, ಅವನಿಗೂ ಹೊಸದಾಗಿ ತಂದೆತಾಯಿ ಸೇರಿಸುತ್ತಾರೆ. ಮಲ್ಲಪ್ಪ, ಗುರಮ್ಮ ಎರಡೆರಡು ಸಲ ಹುಟ್ಟಿಕೊಂಡು, ಅಕ್ಕ ತಮ್ಮ ಬೇರೆ ಬೇರೆ ಮನೆಯವರಾಗುತ್ತಾರೆ. ಸರಿಯಾದ ಕ್ರಮವೆಂದರೆ ಮಲ್ಲಪ್ಪ-ಗುರಮ್ಮ ಕುಟುಂಬವನ್ನು ಒಮ್ಮೆ ಮಾಡಿ, ಅದನ್ನೇ ತೆರೆದು, ಮಕ್ಕಳನ್ನು ಒಬ್ಬೊಬ್ಬರಾಗಿ ಅದರೊಳಗೆ ಸೇರಿಸುವುದು. ನಾಗಪ್ಪನಿಗೆ ಮಹಾದೇವಿಯನ್ನು ಹೆಂಡತಿಯಾಗಿ ಹಾಕುವಾಗಲೂ ‘ಹೊಸಬರನ್ನು ಸೇರಿಸು’ ಒತ್ತಬೇಡಿ, ಇರುವವರ ಪಟ್ಟಿಯಿಂದ ಆರಿಸುವ ಗುಂಡಿ ಒತ್ತಿ. ಅಷ್ಟಾದರೂ ಇಬ್ಬಿಬ್ಬರಾದರೆ, ಪೀಪಲ್ ಪಟ್ಟಿಯಲ್ಲಿ ಇಬ್ಬರನ್ನೂ ಒಟ್ಟಿಗೆ ಆರಿಸಿ ಮರ್ಜ್ ಮಾಡಬಹುದು. ಟೂಲ್ಸ್‌ನಲ್ಲಿ ಒಂದೇ ತರಹದವರನ್ನು ಹುಡುಕಿಕೊಡುವ ಸೌಲಭ್ಯವೂ ಇದೆ. ಮರ್ಜ್ ಮಾಡುವ ಮುಂಚೆ ತಾರೀಖು ನೋಡಿಕೊಳ್ಳಿ, ಹೆಸರು ಒಂದೇ ಇದೆ ಎಂದು ಮುತ್ಯಾ ಮೊಮ್ಮಗನನ್ನು ಕೂಡಿಸಿಬಿಟ್ಟೀರಿ.

ದತ್ತಕಕ್ಕೆ ಹುಡುಗ ಮಲ್ಲಪ್ಪನನ್ನು ಎರಡೂ ಕುಟುಂಬಗಳಲ್ಲಿ ಮಗನಾಗಿ ಸೇರಿಸಿದೆವು. ನಾಗಪ್ಪ-ಮಹಾದೇವಿಯ ಕುಟುಂಬದಲ್ಲಿ ಸಂಬಂಧ ‘ಬರ್ತ್’, ಶರಣಪ್ಪನ ಕುಟುಂಬದಲ್ಲಿ ‘ಅಡಾಪ್ಟೆಡ್’. ತಂದೆಯ ಜೊತೆಗಿನ ಸಂಬಂಧ, ತಾಯಿಯ ಜೊತೆಗಿನ ಸಂಬಂಧ ಎರಡನ್ನೂ ಬೇರೆ ಬೇರೆ ಆರಿಸಬೇಕು, ಒಂದನ್ನು ಬದಲಿಸಿದರೆ ಇನ್ನೊಂದು ತಾನಾಗಿ ಬದಲಾಗದು. ಶರಣಪ್ಪನಿಗೆ ಎರಡು ಕುಟುಂಬಗಳಿವೆ, ದತ್ತಕ ಎರಡನೇ ಹೆಂಡತಿಯ ಕಾಲದ್ದು. ಹಾಗಾಗಿ ಮಗನನ್ನು ಎರಡನೇ ಕುಟುಂಬಕ್ಕೇ ಜೋಡಿಸಬೇಕು. ಆಸ್ತಿಯ ಮಾತು ಬಂದಾಗ ಈ ವ್ಯತ್ಯಾಸ ಬಹಳ ದೊಡ್ಡದಾಗುತ್ತದೆ.

ಇಷ್ಟಾದ ಮೇಲೆ ನಕ್ಷೆ. ಸಂತಾನವನ್ನು ಮೇಲಿನಿಂದ ಕೆಳಗೆ ಇಳಿಸುವ ಸಾಮಾನ್ಯ ನಕ್ಷೆಯಲ್ಲಿ ನಾಗಪ್ಪ, ಮಹಾದೇವಿ ಮತ್ತು ಅವರ ಮಕ್ಕಳು ಎರಡೆರಡು ಕಡೆ ಕಾಣಿಸಿಕೊಂಡರು: ನಾಗಪ್ಪನ ಕವಲಿನಲ್ಲಿ ಒಮ್ಮೆ, ಬಸಮ್ಮನ ಕವಲಿನಲ್ಲಿ ಇನ್ನೊಮ್ಮೆ. ಅದು ಸಾಫ್ಟ್‌ವೇರಿನ ತಪ್ಪಲ್ಲ. ಮರದ ಆಕಾರದಲ್ಲಿ ಕೊಂಬೆಗಳು ಮತ್ತೆ ಕೂಡುವುದಿಲ್ಲ, ನಮ್ಮ ಮನೆತನಗಳಲ್ಲಿ ಕೂಡುತ್ತವೆ. ಪರಿಹಾರ ಇರುವುದು ‘ರಿಲೇಶನ್‌ಶಿಪ್ ಗ್ರಾಫ್’ನಲ್ಲಿ. ಅದು ಪ್ರತಿ ವ್ಯಕ್ತಿಯನ್ನೂ ಒಂದೇ ಸಲ ಬರೆದು ಗೆರೆಗಳನ್ನು ಮಾತ್ರ ಎಳೆಯುತ್ತದೆ. ಬಸಮ್ಮನಿಂದ ಮಹಾದೇವಿಗೆ ಇಳಿದ ಗೆರೆ ನಾಗಪ್ಪನ ಪಕ್ಕಕ್ಕೆ ತಾನೇ ಬಂದು ಸೇರಿತು. ದತ್ತಕದ ಗೆರೆ ಚುಕ್ಕೆಚುಕ್ಕೆಯಾಗಿ ಬಂತು. ಸೋದರ ಸಂಬಂಧದ ಮದುವೆಗಳು ನಾಲ್ಕಕ್ಕಿಂತ ಹೆಚ್ಚಿರುವ ಮನೆಯವರು ಬೇರೆ ನಕ್ಷೆಯ ತಂಟೆಗೇ ಹೋಗಬಾರದು.

ಈ ನಕ್ಷೆಯಲ್ಲೇ ಕನ್ನಡ ಕೈಕೊಡುವುದೂ ಉಂಟು. ಪರದೆಯ ಮೇಲೆ ಚೆನ್ನಾಗಿದ್ದ ಹೆಸರು ಪಿಡಿಎಫ್‌ನಲ್ಲಿ ಖಾಲಿ ಚೌಕಗಳಾಗಿ ಬಂದರೆ ಕಾರಣ ಫಾಂಟ್. ಗ್ರಾಫ್‌ಗಳ ಆಯ್ಕೆಯಲ್ಲಿ ಹೆಲ್ವೆಟಿಕಾ, ಫ್ರೀಸಾನ್ಸ್, ಡೀಫಾಲ್ಟ್ ಎಂದು ಮೂರು ಇರುತ್ತವೆ. ಡೀಫಾಲ್ಟ್ ಇಟ್ಟು, ಕಂಪ್ಯೂಟರಿನಲ್ಲಿ ನೋಟೊ ಸಾನ್ಸ್ ಕನ್ನಡ ಹಾಕಿಕೊಂಡ ಮೇಲೆ ಸರಿಹೋಯಿತು. ಬೇರೆ ನಕ್ಷೆಗಳಲ್ಲಾದರೆ ಅಕ್ಷರದ ಶೈಲಿಯನ್ನೇ ಆರಿಸಲು ಬರುತ್ತದೆ. ಪರೀಕ್ಷೆಗೆ ಒತ್ತಕ್ಷರ, ಅರ್ಕಾವೊತ್ತು ಇರುವ ಹೆಸರನ್ನೇ ತೆಗೆದುಕೊಳ್ಳಿ: ಮಲ್ಲಿಕಾರ್ಜುನ, ಸಿದ್ರಾಮಪ್ಪ, ಚಂದ್ರಶೇಖರ. ಬಸವ, ರಮಾ ಎಂಬ ಹೆಸರಿನಲ್ಲಿ ತಪ್ಪು ಕಾಣಿಸುವುದಿಲ್ಲ.

ಹಳೇ ಪಟ್ಟಿ ‘ನುಡಿ’ ಎಂಬ ಕನ್ನಡ ತಂತ್ರಾಂಶದಲ್ಲಿ ಟೈಪ್ ಮಾಡಿದ್ದಾಗಿದ್ದರೆ ಇನ್ನೊಂದು ಕೆಲಸ ಇದೆ. ಯೂನಿಕೋಡ್ ಅಲ್ಲದ ಹಳೇ ಅಕ್ಷರಶೈಲಿಯ ಪಠ್ಯವನ್ನು ನೇರವಾಗಿ ಅಂಟಿಸಿದರೆ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ ಬರುತ್ತದೆ. ಮೊದಲು ಯೂನಿಕೋಡಿಗೆ ಪರಿವರ್ತಿಸಿ, ಆಮೇಲೆ ಒಂದೊಂದು ಹೆಸರನ್ನೂ ಕಣ್ಣಾರೆ ಓದಿ. ಇನ್ನೊಂದು ಕಣ್ಣಿಗೆ ಕಾಣದ ತೊಡಕು ದೀರ್ಘಸ್ವರದ್ದು. ‘ಲೋಕಪ್ಪ’ದ ‘ಲೋ’ವನ್ನು ಒಂದೇ ಸ್ವರಚಿಹ್ನೆಯಾಗಿಯೂ ಬರೆಯಬಹುದು, ‘ಲೊ’ ಬರೆದು ದೀರ್ಘದ ಚಿಹ್ನೆ ಪ್ರತ್ಯೇಕ ಸೇರಿಸಿಯೂ ಬರೆಯಬಹುದು. ನೋಡಲು ಎರಡೂ ಒಂದೇ, ಕಂಪ್ಯೂಟರಿನ ಲೆಕ್ಕದಲ್ಲಿ ಬೇರೆ ಬೇರೆ. ಹುಡುಕಿದರೆ ಸಿಗದ ಹೆಸರನ್ನು ಅಳಿಸಿ ಮತ್ತೊಮ್ಮೆ ಟೈಪ್ ಮಾಡಿ ನೋಡಿ.

ತಾರೀಖಿನ ವಿಷಯದಲ್ಲಿ ನಮ್ಮ ಮೂರು ಜಿಲ್ಲೆಗಳ ಕಥೆಯೇ ಬೇರೆ. 1948ರ ಸೆಪ್ಟೆಂಬರ್ 17ರವರೆಗೆ ಇದು ನಿಜಾಮರ ಹೈದರಾಬಾದ್ ಸಂಸ್ಥಾನ. ಆ ಕಾಲದ ಕಂದಾಯದ ಕಾಗದಗಳು ಉರ್ದುವಿನಲ್ಲಿ, ವರ್ಷ ಫಸಲಿಯಲ್ಲಿ. ಹೈದರಾಬಾದಿನ ಫಸಲಿ ವರ್ಷ ಅಕ್ಟೋಬರ್ ಮೊದಲ ವಾರದಲ್ಲಿ, ಅಜೂರ್ ತಿಂಗಳಿನಿಂದ ಶುರು. ಫಸಲಿಗೆ 590 ಕೂಡಿಸಿದರೆ ಅದು ಶುರುವಾದ ಇಸವಿ, 591 ಕೂಡಿಸಿದರೆ ಮುಗಿದ ಇಸವಿ. 1340 ಫಸಲಿ ಎಂದರೆ 1930ರ ಅಕ್ಟೋಬರ್‌ನಿಂದ 1931ರ ಅಕ್ಟೋಬರ್ ತನಕ. ಕಾಗದದಲ್ಲಿ ತಿಂಗಳು ಇಲ್ಲದಿದ್ದರೆ ಒಂದೇ ಇಸವಿ ಹಾಕುವುದು ತಪ್ಪು. ಗ್ರ್ಯಾಂಪ್ಸ್‌ನ ತಾರೀಖಿನ ಖಾನೆಯಲ್ಲಿ ‘ಬಿಟ್ವೀನ್ ಅಕ್ಟೋಬರ್ 1930 ಆ್ಯಂಡ್ ಅಕ್ಟೋಬರ್ 1931’ ಎಂದು ಇಂಗ್ಲಿಷಿನಲ್ಲಿ ಟೈಪ್ ಮಾಡಿದರೆ ಅದು ಅರ್ಥ ಮಾಡಿಕೊಳ್ಳುತ್ತದೆ. ಕಾಗದದಲ್ಲಿದ್ದ ‘1340 ಫಸಲಿ’ ಎಂಬ ಮೂಲ ಮಾತನ್ನು ಟಿಪ್ಪಣಿಯಲ್ಲಿ ಹಾಗೆಯೇ ಉಳಿಸಿ. ನಾಳೆ ಲೆಕ್ಕ ತಪ್ಪಿದೆ ಎಂದು ಗೊತ್ತಾದರೆ ತಿದ್ದಲು ಅದೇ ಆಧಾರ.

ಮುಸ್ಲಿಂ ಮನೆತನಗಳ ಶಜ್ರಾದಲ್ಲಿ (ವಂಶಾವಳಿಯ ಪಟ್ಟಿ), ನಿಕಾಹನಾಮಾದಲ್ಲಿ ಹಿಜ್ರಿ ತಾರೀಖು ಇರುತ್ತದೆ. ಅದಕ್ಕೆ ಲೆಕ್ಕ ಹಾಕುವ ಕೆಲಸವೇ ಇಲ್ಲ. ತಾರೀಖಿನ ಕಿಟಕಿಯಲ್ಲಿ ಕ್ಯಾಲೆಂಡರನ್ನು ‘ಇಸ್ಲಾಮಿಕ್’ ಎಂದು ಆರಿಸಿ ಹಿಜ್ರಿಯಲ್ಲೇ ತುಂಬಬಹುದು. ಸಂವತ್ಸರಕ್ಕೆ ಮಾತ್ರ ಅಂಥ ಅನುಕೂಲವಿಲ್ಲ. ‘ಸರ್ವಧಾರಿ ಸಂವತ್ಸರ’ ಎಂದರೆ 1948ರ ಯುಗಾದಿಯಿಂದ 1949ರ ಯುಗಾದಿವರೆಗೆ ಆಗಬಹುದು, ಅರವತ್ತು ವರ್ಷ ಆಚೆ ಈಚೆಯೂ ಆಗಬಹುದು. ಮಗನ ವಯಸ್ಸು, ಮೊಮ್ಮಗನ ವಯಸ್ಸು ನೋಡಿ ಯಾವ ಆವರ್ತನೆ ಎಂದು ಗೊತ್ತುಮಾಡಬೇಕು.

ಹಿರಿಯರು ಇಸವಿ ಹೇಳುವುದಿಲ್ಲ, ಘಟನೆ ಹೇಳುತ್ತಾರೆ. “ರಜಾಕಾರರ ಗದ್ದಲದಾಗ ನಾ ಇನ್ನಾ ತೊಟ್ಲಾಗಿದ್ದೆ” ಎಂದರೆ 1947-48ರ ಆಸುಪಾಸಿನ ಹುಟ್ಟು. ಅದನ್ನು ‘ಅಬೌಟ್ 1947’ ಎಂದು ಹಾಕಬೇಕು. 1972ರ ಬರ, 1993ರ ಸೆಪ್ಟೆಂಬರ್ 30ರ ಕಿಲ್ಲಾರಿ ಭೂಕಂಪ, ಇವೂ ಇಂಥ ಗೂಟಗಳೇ. “ಬರ ಬಿದ್ದಾಗ ನಿಮ್ಮ ಹಿರೇ ಮಗ ಎಷ್ಟು ದೊಡ್ಡಾಂವಿದ್ದ, ಆಯಿ?” ಎಂದು ಕೇಳಿದರೆ ಉತ್ತರ ಬರುತ್ತದೆ. “ಯಾವ ಇಸ್ವಿ?” ಎಂದರೆ ಬರುವುದಿಲ್ಲ. ಶಾಲೆಯ ದಾಖಲೆಯಲ್ಲಿ ಜೂನ್ 1 ಎಂದು ಹುಟ್ಟಿದ ದಿನ ಇದ್ದರೆ ಅದನ್ನು ಖಚಿತವೆಂದು ನಂಬಬೇಡಿ. ಶಾಲೆಗೆ ಸೇರಿಸುವಾಗ ಅಂದಾಜಿನಲ್ಲಿ ಬರೆಸಿದ ದಿನ ಅದು. ಗ್ರ್ಯಾಂಪ್ಸ್‌ನಲ್ಲಿ ಅದಕ್ಕೆ ‘ಎಸ್ಟಿಮೇಟೆಡ್’ ಎಂಬ ಗುರುತು ಇದೆ.

ಊರಿನ ಖಾನೆಯೇ ನಮ್ಮನ್ನು ಗ್ರ್ಯಾಂಪ್ಸ್ ಕಡೆಗೆ ಪೂರ್ತಿ ಒಲಿಸಿದ್ದು. ದೋರನಹಳ್ಳಿಯನ್ನೇ ತೆಗೆದುಕೊಳ್ಳಿ. ಊರು ಇದ್ದಲ್ಲೇ ಇದೆ, ಮೇಲಿನ ಆಡಳಿತ ಬದಲಾಗಿದೆ. 1956ರ ಅಕ್ಟೋಬರ್ 31ರವರೆಗೆ ಹೈದರಾಬಾದ್ ರಾಜ್ಯ, ನವೆಂಬರ್ 1ರಿಂದ ಮೈಸೂರು ರಾಜ್ಯ, 1973ರ ನವೆಂಬರ್ 1ರಿಂದ ಆ ರಾಜ್ಯಕ್ಕೇ ಕರ್ನಾಟಕ ಎಂಬ ಹೆಸರು. 2009ರ ಡಿಸೆಂಬರ್ 30ರಂದು ಯಾದಗಿರಿ ಬೇರೆ ಜಿಲ್ಲೆಯಾಯಿತು. 2014ರ ನವೆಂಬರ್ 1ರಂದು ಗುಲಬರ್ಗಾ ಕಲಬುರಗಿಯಾಯಿತು. ಬರೀ ಪಠ್ಯದಲ್ಲಿ ಊರು ಬರೆಸಿಕೊಳ್ಳುವ ಸಾಫ್ಟ್‌ವೇರಿನಲ್ಲಿ ‘ದೋರನಹಳ್ಳಿ, ಗುಲಬರ್ಗಾ’, ‘ದೋರನಹಳ್ಳಿ, ಯಾದಗಿರಿ’ ಎಂದು ಎರಡು ಊರುಗಳೇ ಹುಟ್ಟಿಬಿಡುತ್ತವೆ. ಗ್ರ್ಯಾಂಪ್ಸ್‌ನಲ್ಲಿ ಊರು ಒಂದೇ. ಅದು ತಾಲ್ಲೂಕಿನೊಳಗೆ, ತಾಲ್ಲೂಕು ಜಿಲ್ಲೆಯೊಳಗೆ, ಜಿಲ್ಲೆ ರಾಜ್ಯದೊಳಗೆ. ಪ್ರತಿ ‘ಒಳಗೆ’ಗೂ ಅವಧಿ ಕೊಡಬಹುದು. ಶಹಾಪುರ ತಾಲ್ಲೂಕಿಗೆ ಎರಡು ಜಿಲ್ಲೆ ಹಾಕಿದೆವು: ಗುಲಬರ್ಗಾ, 2009ರ ಡಿಸೆಂಬರ್ 29ರವರೆಗೆ, ಯಾದಗಿರಿ, ಮರುದಿನದಿಂದ. ಕಲಬುರಗಿ ಜಿಲ್ಲೆಗೆ ಎರಡು ಹೆಸರು, ಕರ್ನಾಟಕಕ್ಕೆ ಎರಡು ಹೆಸರು, ಅವಕ್ಕೂ ಅವಧಿ. ಆಮೇಲೆ 1962ರ ಹುಟ್ಟಿನ ಪಕ್ಕ ‘ದೋರನಹಳ್ಳಿ, ಶಹಾಪುರ, ಗುಲಬರ್ಗಾ, ಮೈಸೂರು’ ಎಂದೂ 2015ರ ಹುಟ್ಟಿನ ಪಕ್ಕ ‘ದೋರನಹಳ್ಳಿ, ಶಹಾಪುರ, ಯಾದಗಿರಿ, ಕರ್ನಾಟಕ’ ಎಂದೂ ತಾನಾಗಿಯೇ ಬಂತು.

ಇಲ್ಲಿ ಒಂದು ಎಚ್ಚರ. ಅವಧಿಗೆ ‘ಫ್ರಮ್... ಟು’ ಬಳಸಬೇಕು, ‘ಬಿಟ್ವೀನ್... ಆ್ಯಂಡ್’ ಅಲ್ಲ. ಮೊದಲನೆಯದು ಅಷ್ಟೂ ಕಾಲ ಇತ್ತು ಎಂದು ಹೇಳುತ್ತದೆ, ಎರಡನೆಯದು ಆ ನಡುವೆ ಯಾವುದೋ ಒಂದು ದಿನ ಎಂದು. ಬೀದರ ಕಡೆಯವರಿಗೆ ಈ ಸೌಲಭ್ಯ ಇನ್ನೂ ಹೆಚ್ಚು ಬೇಕು. 1956ರಲ್ಲಿ ಉದಗೀರ, ನಿಲಂಗಾ, ಅಹ್ಮದಪುರ ಮುಂಬಯಿ ರಾಜ್ಯಕ್ಕೆ ಹೋದವು, ಜಹೀರಾಬಾದ್, ನಾರಾಯಣಖೇಡ ಆಂಧ್ರಕ್ಕೆ. ಗುಲಬರ್ಗಾದ ತಾಂಡೂರು, ಕೊಡಂಗಲ್ ಕೂಡ ಹಾಗೇ. ಒಂದೇ ಜಿಲ್ಲೆಯ ಬೀಗರು ಮೂರು ರಾಜ್ಯದವರಾದರು, ಅವರ ಕಾಗದಗಳೂ ಈಗ ಮೂರು ರಾಜ್ಯಗಳ ಕಚೇರಿಗಳಲ್ಲಿವೆ. ಎಲ್ಲಿ ಹುಡುಕಬೇಕು ಎಂಬುದನ್ನು ಈ ಊರಿನ ಖಾನೆಯೇ ಹೇಳಿಕೊಡುತ್ತದೆ.

ಆಧಾರಗಳನ್ನು ಬರೆಯಲು ಬೇಸರಪಡುವವರೇ ಹೆಚ್ಚು. ಹತ್ತು ಸೋರ್ಸ್‌ಗಳನ್ನು ಮೊದಲೇ ಮಾಡಿಟ್ಟುಕೊಂಡರೆ ಆ ಬೇಸರ ಅರ್ಧ ಇಳಿಯುತ್ತದೆ: ಪಹಣಿ, ಹಳೇ ಖಾಸ್ರಾ ಪಹಣಿ, ವಾರಸಾ ಕಾಗದ, ನಾಡಕಚೇರಿಯ ವಂಶವೃಕ್ಷ ಪ್ರಮಾಣಪತ್ರ, ಶಾಲೆಯ ಟಿಸಿ, ಜನನ ಮರಣ ಪತ್ರ, ಮತದಾರರ ಪಟ್ಟಿ, ಲಗ್ನಪತ್ರಿಕೆ, ಮನೆಯ ಹಿರಿಯರ ಮಾತು, ಹೆಳವರ ಹೇಳಿಕೆ. ಆಮೇಲೆ ಪ್ರತಿ ಮಾಹಿತಿಗೂ ಪಟ್ಟಿಯಿಂದ ಒಂದನ್ನು ಆರಿಸುವುದಷ್ಟೇ. ಎಷ್ಟು ನಂಬಬಹುದು ಎಂಬುದಕ್ಕೂ ‘ವೆರಿ ಲೋ’ದಿಂದ ‘ವೆರಿ ಹೈ’ವರೆಗೆ ಐದು ಮೆಟ್ಟಿಲುಗಳಿವೆ.

ಹೆಳವರ ಬಗ್ಗೆ ಎರಡು ಮಾತು ಹೆಚ್ಚಿಗೆ ಹೇಳಬೇಕು. ಎತ್ತಿನ ಮೇಲೆ ಊರೂರು ತಿರುಗಿ, ಮನೆ ಬಾಗಿಲಲ್ಲಿ ನಿಂತು ಆ ಮನೆತನದ ತಲೆಮಾರುಗಳನ್ನು ಹೇಳುತ್ತ ಬಂದವರು ಅವರು. ಕಚೇರಿಯ ಕಾಗದ ಹೊಲ ಯಾರ ಹೆಸರಿಗಿತ್ತು ಎಂದು ಹೇಳುತ್ತದೆ, ಹೊಲವಿಲ್ಲದವರ ಸುದ್ದಿ ಅದರಲ್ಲಿಲ್ಲ. ಮನೆತನ ಯಾವ ಊರಿನಿಂದ ಎದ್ದು ಬಂತು, ಯಾವ ಕವಲು ಎಲ್ಲಿ ಒಡೆಯಿತು ಎಂಬುದು ಹೆಳವರ ಬಾಯಲ್ಲಿ ಸಿಗುತ್ತದೆ. ಅವರು ಬಂದಾಗ ಅನುಮತಿ ಕೇಳಿ ಧ್ವನಿ ಮುದ್ರಿಸಿಕೊಳ್ಳಿ. ಹೇಳಿದ ಕ್ರಮದಲ್ಲೇ ಬರೆದುಕೊಳ್ಳಿ, ನಡುವೆ ನಿಲ್ಲಿಸಿ ಪ್ರಶ್ನೆ ಕೇಳಿದರೆ ಎಳೆ ತಪ್ಪುತ್ತದೆ. ಧ್ವನಿ ಫೈಲನ್ನೇ ಗ್ರ್ಯಾಂಪ್ಸ್‌ನ ಮೀಡಿಯಾಕ್ಕೆ ಸೇರಿಸಿ ಆ ಸೋರ್ಸಿಗೆ ಅಂಟಿಸಬಹುದು. ಇಸವಿ ಇಲ್ಲ ಎಂದು ಅದನ್ನು ಕೆಳದರ್ಜೆಯ ಆಧಾರ ಎಂದುಕೊಳ್ಳಬೇಡಿ. ತಂದೆ-ಮಗನ ಕ್ರಮಕ್ಕೆ ಅದು ಗಟ್ಟಿ ಆಧಾರ, ತಾರೀಖಿಗೆ ಅಲ್ಲ. ನಂಬಿಕೆಯ ಮೆಟ್ಟಿಲನ್ನು ಹಾಗೇ ಬೇರೆ ಬೇರೆ ಕೊಡಿ.

ಫೋಟೊ, ಸ್ಕ್ಯಾನ್‌ಗಳ ವಿಷಯದಲ್ಲಿ ಎಲ್ಲರೂ ಎಡವುತ್ತಾರೆ. ಗ್ರ್ಯಾಂಪ್ಸ್ ಚಿತ್ರವನ್ನು ತನ್ನೊಳಗೆ ಇಟ್ಟುಕೊಳ್ಳುವುದಿಲ್ಲ, ಅದು ಎಲ್ಲಿದೆ ಎಂಬ ವಿಳಾಸ ಮಾತ್ರ ಇಟ್ಟುಕೊಳ್ಳುತ್ತದೆ. ಫೋಲ್ಡರ್ ಜರುಗಿಸಿದ ದಿನವೇ ಚಿತ್ರಗಳೆಲ್ಲ ಮಾಯ. ಮೊದಲ ಚಿತ್ರ ಸೇರಿಸುವ ಮುಂಚೆಯೇ ಒಂದು ಫೋಲ್ಡರ್ ಮಾಡಿ, ಪ್ರಿಫರೆನ್ಸಸ್‌ನಲ್ಲಿ ಅದನ್ನೇ ಮೂಲ ಫೋಲ್ಡರ್ ಎಂದು ತೋರಿಸಿ, ಎಲ್ಲ ಚಿತ್ರ ಅದರೊಳಗೇ ಇಡಿ. ಈಗಾಗಲೇ ಚೆದುರಿದ್ದರೆ ಟೂಲ್ಸ್‌ನಲ್ಲಿರುವ ಮೀಡಿಯಾ ಮ್ಯಾನೇಜರ್ ವಿಳಾಸಗಳನ್ನು ಸರಿಪಡಿಸುತ್ತದೆ.

ಬ್ಯಾಕಪ್ ಎಂದರೆ ಪಿಡಿಎಫ್ ಅಲ್ಲ. ಪಿಡಿಎಫ್ ಇದೆಯಲ್ಲ ಎಂದು ಧೈರ್ಯವಾಗಿದ್ದವರು ಲ್ಯಾಪ್‌ಟಾಪ್ ಕೆಟ್ಟಾಗ ಎಲ್ಲವನ್ನೂ ಮತ್ತೆ ಟೈಪ್ ಮಾಡಬೇಕಾಗುತ್ತದೆ. ಫ್ಯಾಮಿಲಿ ಟ್ರೀಸ್ ಮೆನುವಿನ ‘ಮೇಕ್ ಬ್ಯಾಕಪ್’ ಒತ್ತಿ, ಮೀಡಿಯಾ ಸೇರಿಸು ಎಂಬುದನ್ನು ಆರಿಸಿ. ಪ್ರತಿ ಸಲ ಕೂತು ಎದ್ದ ಮೇಲೆ ಒಂದು ಪ್ರತಿ ಪೆನ್‌ಡ್ರೈವಿಗೆ, ಒಂದು ನಿಮ್ಮದೇ ಇಮೇಲಿಗೆ. ಜೊತೆಗೆ ವರ್ಷಕ್ಕೊಮ್ಮೆ ಗೆಡ್‌ಕಾಮ್ ಕೂಡ ತೆಗೆದಿಡಿ. ಗೆಡ್‌ಕಾಮ್‌ಗೆ ಹೋದಾಗ ಊರಿನ ಅವಧಿಗಳು ಉಳಿಯುವುದಿಲ್ಲ, ಅಲ್ಪವಿರಾಮದ ನಡುವಿನ ಹೆಸರುಗಳಾಗಿಬಿಡುತ್ತವೆ. ಅದಕ್ಕೇ ಎರಡೂ ಬೇಕು. ಬೇರೆ ಕಡೆ ತೆರೆದಾಗ ಕನ್ನಡ ಕೆಟ್ಟರೆ ಗೆಡ್‌ಕಾಮ್ ಫೈಲನ್ನು ನೋಟ್‌ಪ್ಯಾಡ್‌ನಲ್ಲಿ ತೆರೆದು ಮೊದಲ ಕೆಲವು ಸಾಲು ನೋಡಿ. ಅಕ್ಷರಗಳನ್ನು ಯಾವ ಸಂಕೇತದಲ್ಲಿ ಬರೆದಿದೆ ಎಂದು ಹೇಳುವ ‘ಚಾರ್’ ಎಂಬ ಸಾಲಿನ ಮುಂದೆ ಯುಟಿಎಫ್-8 ಇರಬೇಕು. ಆನ್ಸೆಲ್ ಅಥವಾ ಆನ್ಸಿ ಎಂದಿದ್ದರೆ ಕನ್ನಡ ಉಳಿಯುವುದಿಲ್ಲ. ಗ್ರ್ಯಾಂಪ್ಸ್‌ನ ಹೊಸ ದೊಡ್ಡ ಆವೃತ್ತಿಗೆ ಹೋಗುವ ಮುಂಚೆಯೂ ಬ್ಯಾಕಪ್ ಕಡ್ಡಾಯ. ಹೊಸದರಲ್ಲಿ ಒಮ್ಮೆ ಪರಿವರ್ತನೆಯಾದ ಕಡತವನ್ನು ಹಳೇ ಆವೃತ್ತಿ ತೆರೆಯುವುದಿಲ್ಲ. ಅಣ್ಣನ ಮನೆಯಲ್ಲಿ ಒಂದು ಆವೃತ್ತಿ, ತಮ್ಮನ ಮನೆಯಲ್ಲಿ ಇನ್ನೊಂದು ಇದ್ದರೆ ತೊಂದರೆ ಶುರುವಾಗುವುದು ಇಲ್ಲೇ.

ಯಾರಿಗಾದರೂ ಫೈಲ್ ಕಳಿಸುವಾಗ ಬದುಕಿರುವವರ ವಿವರ ಮರೆಮಾಡಿ, ಎಕ್ಸ್‌ಪೋರ್ಟ್ ಮಾಡುವಾಗ ಆ ಆಯ್ಕೆ ಸಿಗುತ್ತದೆ. ಸಾವಿನ ದಾಖಲೆ ಇಲ್ಲದವರು ಬದುಕಿದ್ದಾರೋ ಇಲ್ಲವೋ ಎಂಬುದನ್ನು ಸಾಫ್ಟ್‌ವೇರ್ ವಯಸ್ಸಿನಿಂದ ಊಹಿಸುತ್ತದೆ, 110 ವರ್ಷದ ಲೆಕ್ಕದಲ್ಲಿ. ಹಾಗಾಗಿ ತೀರಿಕೊಂಡಿದ್ದು ಗೊತ್ತಿದ್ದು ದಿನ ಗೊತ್ತಿಲ್ಲದವರಿಗೂ ತಾರೀಖು ಖಾಲಿ ಬಿಟ್ಟು ಸಾವಿನ ಘಟನೆಯೊಂದನ್ನು ಸೇರಿಸಿಡಿ. ‘ವೆರಿಫೈ ದ ಡೇಟಾ’ ಓಡಿಸಿದಾಗ ಹಳೇ ಕಾಲದ ಎಳೆ ವಯಸ್ಸಿನ ಮದುವೆಗಳನ್ನೆಲ್ಲ ಅದು ತಪ್ಪೆಂದು ತೋರಿಸುತ್ತದೆ. ಅವು ತಪ್ಪಲ್ಲ, ಆಗ ನಡೆದದ್ದೇ ಹಾಗೆ. ಕನಿಷ್ಠ ವಯಸ್ಸಿನ ಮಿತಿ ಇಳಿಸಿದರೆ ನಿಜವಾದ ತಪ್ಪುಗಳು ಎದ್ದು ಕಾಣುತ್ತವೆ: ತಾಯಿ ತೀರಿಕೊಂಡ ಮೇಲೆ ಹುಟ್ಟಿದ ಮಗು, ಹುಟ್ಟುವ ಮುಂಚೆ ಆದ ಮದುವೆ.

ಮನೆಯ ಕಾರ್ಯಕ್ಕೆ ದೊಡ್ಡ ನಕ್ಷೆಯನ್ನು ಫ್ಲೆಕ್ಸ್ ಮಾಡಿಸುವುದಾದರೆ ಅಂಗಡಿಗೆ ತಿದ್ದಲು ಬರುವ ಫೈಲ್ ಕೊಡಬೇಡಿ. ಅಲ್ಲಿಯ ಸಾಫ್ಟ್‌ವೇರಿನಲ್ಲಿ ಯೂನಿಕೋಡ್ ಒತ್ತಕ್ಷರ ಒಡೆಯಬಹುದು. ಚಿತ್ರವಾಗಿ ಕೊಡಿ. 3 ಅಡಿ ಅಗಲ 4 ಅಡಿ ಉದ್ದಕ್ಕೆ 150 ಡಿಪಿಐ ಎಂದರೆ 5400 ಗುಣಿಸು 7200 ಪಿಕ್ಸೆಲ್, ಹೆಸರುಗಳು ಸ್ಪಷ್ಟವಾಗಿ ಓದಿಸಿಕೊಳ್ಳುತ್ತವೆ. ಫ್ಲೆಕ್ಸಿಗೆ ಕೊಡುವ ಮುಂಚೆ ಅದನ್ನೇ ಎ3 ಹಾಳೆಗಳಲ್ಲಿ ತೆಗೆಸಿ, ಮೂಲೆಯಲ್ಲಿ ಆ ದಿನದ ತಾರೀಖು ಬರೆದು, ಕೆಂಪು ಪೆನ್ನಿನ ಜೊತೆ ಮನೆಯ ಹಿರೇ ಹೆಣ್ಣುಮಗಳ ಮುಂದೆ ಹಾಸಿ. ಗಂಡಸರು ಮರೆತ ಹೆಸರುಗಳು, ತೊಟ್ಟಿಲಲ್ಲೇ ಹೋದ ಕೂಸುಗಳು, ಕೊಟ್ಟ ಊರು ತಂದ ಊರು, ಇವೆಲ್ಲ ಹೊರಬರುವುದು ಆಗಲೇ. ಆ ಕೆಂಪು ಗುರುತುಗಳನ್ನೆಲ್ಲ ತುಂಬಿ, ಬ್ಯಾಕಪ್ ತೆಗೆದ ಮೇಲೆ ಫ್ಲೆಕ್ಸಿಗೆ ಹೋಗಬಹುದು.